ಹೆಂಗಾತು ಎಂದು ಕೇಳದ ಊರು

ಶಿಗ್ಗಾಂವ, ಹೆದ್ದಾರಿ ಬದಿ

ಬೆಂಗಳೂರಿನ ಬಸ್ಸಿಗಾಗಿ ಅವ್ವ ಮತ್ತು ನಾನು ಚಹಾದಂಗಡಿಯ ಮುಂದೆ ಕಾಯುತ್ತಿದ್ದೆವು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಣ್ಣ ತಂದಿಟ್ಟಿದ್ದ, ಚಹಾದ ಜೊತೆ ಮೆಲ್ಲುವ ಸವಣೂರಿನ ಖಾರದ ಪೊಟ್ಟಣ. ಅಣ್ಣ ಶಂಕ್ರಣ್ಣ ಬಸ್ ಕಂಡಕ್ಟರ್ ಆಗಿದ್ದ. ಸವಣೂರಿನ ಪಾಳಿ ಬಿದ್ದ ದಿನ ಖಾರ ತರದೆ ಮನೆಗೆ ಬಂದವನಲ್ಲ. ಆ ಪೊಟ್ಟಣ ತಂದ ವಾರದಲ್ಲೇ ತೀರಿಕೊಂಡ. ಅವನು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ, ನಾನು ಸ್ಕಾಟ್ಲೆಂಡಿಗೆ ಹೊರಟಿದ್ದೆ.

ಧಾರವಾಡದಲ್ಲಿ ಎಂ.ಬಿ.ಎ. ಓದುತ್ತಿದ್ದೇನೆ. ಮೊದಲ ವರ್ಷ ಮುಗಿದ ಬೇಸಿಗೆಯಲ್ಲಿ ಯಾವುದಾದರೂ ಹಣಕಾಸು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕೆಂಬುದು ನಿಯಮ. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದ ಜೊತೆ ನಮ್ಮ ಕಾಲೇಜಿಗೆ ಇದ್ದ ಒಪ್ಪಂದದಿಂದ ನನಗೆ ಎಡಿನ್‌ಬರೋದ ಬ್ಯಾಂಕೊಂದರಲ್ಲಿ ಜಾಗ ಸಿಕ್ಕಿತ್ತು. ಟಿಕೆಟ್ಟು, ವೀಸಾ ಎಲ್ಲ ಅಣ್ಣ ಇದ್ದಾಗಲೇ ಆಗಿತ್ತು. ಅವನು ಹೋದ ಮೇಲೆ ನಾನು ಬೇಡವೆಂದೆ. ಅವ್ವ ಒಂದೇ ಮಾತು ಹೇಳಿದಳು: “ಇಲ್ಲಿ ಕುಂತರ ಅವ ಎದ್ದು ಬರ್ತಾನೇನು?”

ನಮ್ಮೂರು ತಿಳವಳ್ಳಿಯ ಪಾರಕ್ಕ ಹುಬ್ಬಳ್ಳಿಗೆ ಹೋಗಲು ಅಲ್ಲೇ ನಿಂತಿದ್ದಳು. ನನ್ನ ಚೀಲಗಳನ್ನು ನೋಡಿ ಅವ್ವನ ಕಡೆ ತಿರುಗಿದಳು.

“ಹೊಂಟ್ಲಾ ಅಂತೂ?”

“ಹೂಂ. ಹೋಗಿ ಬರ್ಲಿ.”

“ಬರ್ಲಿ ಬಿಡು. ನಮ್ಮ ಕಾಲದಾಗ ಅಣ್ಣ ಸತ್ತರ ವರ್ಷೊಪ್ಪತ್ತು ಹೊಸಾ ಸೀರಿ ಉಡ್ತಿದ್ದಿಲ್ಲ. ಈಗ ವಿಮಾನ ಹತ್ತತಾವು.”

ಅವ್ವ ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಅವಳಿಗೆ ಆ ಮಾತು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದು ನನಗೆ ಆಗ ತಿಳಿಯಲಿಲ್ಲ.

ಬಸ್ಸು ಬಂತು. ಚೀಲಕ್ಕೆ ಕೈ ಹಾಕಿದ ಕಂಡಕ್ಟರ್ ನನ್ನ ಮುಖ ನೋಡಿ ನಿಂತುಬಿಟ್ಟ.

“ಶಂಕ್ರಣ್ಣನ ತಂಗಿ ಹೌದಿಲ್ಲವಾ ನೀನು? ಹೆಂಗಾತವಾ ಅದು? ಮಣ್ಣಿಗೆ ಬರಾಕ ಆಗಲಿಲ್ಲ ನನಗ. ಡ್ಯೂಟಿ ಇತ್ತು.”

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ಮೊದಲು ಕೇಳುವುದು ಇದನ್ನೇ. ಕೇಳದಿದ್ದರೆ ಬಂದದ್ದೇ ವ್ಯರ್ಥ. ಮನೆಯವರು ಆ ದಿನವನ್ನು ಬೆಳಗಿನಿಂದ ಶುರು ಮಾಡಿ ಪೂರ್ತಿ ಹೇಳಬೇಕು. ಅರ್ಧಕ್ಕೆ ಇನ್ನೊಬ್ಬರು ಬಂದು ಕೂತರೆ ಮತ್ತೆ ಮೊದಲಿನಿಂದ. ಅಣ್ಣನ ಜೊತೆ ಕೊನೆಗೆ ಇದ್ದವಳು ನಾನೇ ಆದ್ದರಿಂದ ನಮ್ಮ ಪಡಸಾಲಿಯಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ಹೇಳಿ ಹೇಳಿ ಬಾಯಿ ಒಣಗುತ್ತಿತ್ತು. ಆದರೆ ಹೇಳುವಷ್ಟು ಹೊತ್ತು ಅಣ್ಣ ಇನ್ನೂ ದಾರಿಯಲ್ಲೇ ಇರುತ್ತಿದ್ದ.

ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದೆ. ಒಳಗಿನಿಂದ ಯಾರೋ ಕೂಗಿದರು: “ಹೊಂಡ್ರೀ, ಎಷ್ಟೊತ್ತು!”

“ಸುಮ್ಕ ಕುಂದ್ರೋ ಮಾರಾಯಾ,” ಎಂದ ಕಂಡಕ್ಟರ್ ತಿರುಗಿ ನೋಡದೆ. “ಜೀವದ ಮಾತು ನಡದೈತಿಲ್ಲಿ.”

ನಾನು ಮುಗಿಸುವ ತನಕ ಹೆದ್ದಾರಿಯ ಬಸ್ಸು ನಿಂತಿತ್ತು. ಆಮೇಲೆ ಅವನು ಕಣ್ಣೊರೆಸಿಕೊಂಡು ಸೀಟಿ ಊದಿದ. ಯಾರಾದರೂ ಕೇಳಿ, ನಾನು ಪೂರ್ತಿ ಹೇಳಿದ್ದು ಅದೇ ಕೊನೆ.

ಎಡಿನ್‌ಬರೋ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳಲು ಏನೂ ಇಲ್ಲ. ಕಿಟಕಿ ಸಿಗಲಿಲ್ಲ. ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಚೀಲ ತೆರೆಸಿದ. ಬಿಳಿ ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು ಬಿಚ್ಚಿ, ಮೇಲಿನದನ್ನು ಬೆರಳಿನಿಂದ ತಟ್ಟಿದ. ಟಕ್ ಟಕ್ ಎಂದಿತು.

“ಇದು ತಟ್ಟೆಯೇ?”

“ಊಟ,” ಎಂದೆ.

ಅವನು ಇನ್ನೊಮ್ಮೆ ತಟ್ಟಿದ. ಪಕ್ಕದವಳನ್ನು ಕರೆದ. ಅವಳೂ ತಟ್ಟಿದಳು. ತಿಂದು ತೋರಿಸಬೇಕೇನೋ ಎಂದುಕೊಂಡು ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಆ ಸದ್ದಿಗೆ ಇಬ್ಬರೂ ನಕ್ಕರು, ಹೋಗು ಎಂದರು. ಇದನ್ನು ಮನೆಗೆ ಹೋದ ಮೇಲೆ ಅಣ್ಣನಿಗೆ ಹೇಳಬೇಕು ಎಂದುಕೊಂಡೆ. ಎಷ್ಟು ಸಹಜವಾಗಿ ಬಂದಿತ್ತೆಂದರೆ, ಹೇಗೆ ಹೇಳಬೇಕು, ಅವನು ಎಲ್ಲಿ ನಗುತ್ತಾನೆ ಎಂಬುದನ್ನೂ ಲೆಕ್ಕ ಹಾಕಿಕೊಂಡಿದ್ದೆ. ತಳ್ಳುಗಾಡಿ ಹಿಡಿದುಕೊಂಡು ಹೊರಗೆ ಬಂದೆ. ಬೇಸಿಗೆ ಎಂದಿದ್ದರು. ನಮ್ಮ ಮಾಗಿಯ ಚಳಿಗಿಂತ ಹೆಚ್ಚು ಚಳಿ ಇತ್ತು.

ಇನ್ವರ್ಕೀದಿಂಗ್

ನಗರದಲ್ಲಿ ಕೋಣೆ ಸಿಗಲಿಲ್ಲ. ಕಾಲೇಜಿನವರು ಹೊಂದಿಸಿಕೊಟ್ಟದ್ದು ಕಡಲಿನ ಆಚೆ ದಂಡೆಯ ಈ ಸಣ್ಣ ಊರಿನಲ್ಲಿ, ಮೊಯ್ರಾ ಎಂಬ ವಿಧವೆಯ ಮನೆಯ ಮಾಳಿಗೆಯ ಕೋಣೆ. ದಿನಾ ರೈಲು. ರೈಲು ಹೊರಟ ಕೂಡಲೇ ಒಬ್ಬ ಹೆಂಗಸಿನ ಧ್ವನಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತದೆ: ನಾರ್ತ್ ಕ್ವೀನ್ಸ್‌ಫೆರಿ. ಆಮೇಲೆ ಡಾಲ್ಮೆನಿ. ಆಮೇಲೆ ಸೌತ್ ಗೈಲ್. ಯಾವ ಆತುರವೂ ಇಲ್ಲ, ಬೇಸರವೂ ಇಲ್ಲ. ಯಂತ್ರದ ಧ್ವನಿ.

ಅಣ್ಣ ಊರುಗಳ ಹೆಸರನ್ನು ಹಾಗೆ ಕೂಗುತ್ತಿರಲಿಲ್ಲ. ಒಂದೊಂದು ಊರಿಗೂ ಒಂದೊಂದು ರಾಗ. ಬಂಕಾಪುರವನ್ನು ಎಳೆಯುತ್ತಿದ್ದ, ಸವಣೂರನ್ನು ಕತ್ತರಿಸುತ್ತಿದ್ದ. ಹಿರೇಕೆರೂರಿನ ಪಾಳಿಯಲ್ಲಿ ನಮ್ಮ ದೊಡ್ಡವ್ವ ಬಸ್ಸು ಹತ್ತಿದರೆ “ಹಿರೇಕೆರೂರ ಮಹಾರಾಣಿ ಬಂದಾರು, ಜಾಗಾ ಬಿಡ್ರೀ” ಎನ್ನುತ್ತಿದ್ದ. ಅವಳು ಕೊಡೆಯಿಂದ ಹೊಡೆಯಲು ಹೋಗುತ್ತಿದ್ದಳು. ಹಿಂದಿನ ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡು ಒರಗಿದ್ದರೂ, ತಿರುವಿನ ಮೇಲೆ, ಕಲ್ಲಿನ ಮೇಲೆ ಗಾಲಿ ಹಾರುವ ರೀತಿಯ ಮೇಲೆ ಯಾವ ಊರು ಬಂತೆಂದು ಹೇಳುತ್ತಿದ್ದ. ನಾನು ಕಾಲೇಜಿಗೆ ಹೋಗುವಾಗ ಪರೀಕ್ಷೆ ಮಾಡಿದ್ದೇನೆ. ಒಮ್ಮೆಯೂ ತಪ್ಪಿರಲಿಲ್ಲ.

ಮೊಯ್ರಾ ಒಳ್ಳೆಯ ಹೆಂಗಸು. ತನ್ನದೇ ಅಡುಗೆಮನೆಯಲ್ಲಿ ನಾನಿದ್ದರೆ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದಳು. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೆ ಕ್ಷಮೆ ಕೇಳುತ್ತಿದ್ದಳು. ನಮ್ಮಲ್ಲಿ ಗೋವಿನಜೋಳದ ಧಾರಣೆ ಮಾತಾಡಿದ ಹಾಗೆ ಅಲ್ಲಿ ಎಲ್ಲರೂ ಮೋಡ ಮಾತಾಡುತ್ತಾರೆ. ಮೊದಲ ವಾರ ನಾನು ಬೇಳೆಗೆ ಒಗ್ಗರಣೆ ಹಾಕಿದೆ. ಮೆಣಸಿನಕಾಯಿಯ ಘಾಟಿಗೆ ಹೊಗೆ ಬಂದರೆ ಎಚ್ಚರಿಸುವ ಛಾವಣಿಯ ಗಂಟೆ ಕಿರುಚತೊಡಗಿತು. ಮೊಯ್ರಾ ಸ್ಟೂಲು ಹತ್ತಿ ಚೌಕದ ಅರಿವೆ ಬೀಸುತ್ತ, ಕೆಮ್ಮುತ್ತ, “ಏನೂ ಆಗಿಲ್ಲ, ಏನೂ ಆಗಿಲ್ಲ” ಎಂದು ನನ್ನನ್ನೇ ಸಮಾಧಾನ ಮಾಡಿದಳು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಒಬ್ಬರೂ ಒಳಗೆ ಬಂದು ಏನಾಯಿತೆಂದು ಕೇಳಲಿಲ್ಲ. ನಮ್ಮ ಓಣಿಯಾಗಿದ್ದರೆ ಅಷ್ಟೊತ್ತಿಗೆ ಪಾರಕ್ಕ ಬೇಳೆಯ ರುಚಿ ನೋಡಿ, ಉಪ್ಪು ಕಡಿಮೆ ಎಂದು ಹೇಳಿಯಾಗಿರುತ್ತಿತ್ತು.

ಆ ಸಂಜೆ ಮೊಯ್ರಾ ಚಹಾ ಕೊಟ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದಳು. ಅವ್ವ, ಅಣ್ಣನ ಹೆಂಡತಿ ವೈನಿ ಎಂದೆ. ಅಣ್ಣ ಇದ್ದ, ಕಳೆದ ತಿಂಗಳು ತೀರಿಕೊಂಡ ಎಂದೆ. ಅವಳು ಕಪ್ಪು ಕೆಳಗಿಟ್ಟು ನನ್ನ ಕೈ ಮೇಲೆ ಕೈ ಇಟ್ಟಳು. ನಾನು ಕಾದೆ. ಈಗ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಹೋಗಲಿ, ನಾನೇ ಶುರು ಮಾಡೋಣವೆಂದು “ಅವತ್ತು ಬೆಳಿಗ್ಗೆ...” ಎಂದೆ.

ಮೊಯ್ರಾ ಮೆಲ್ಲಗೆ ತಲೆಯಾಡಿಸಿದಳು. “ನೀನು ಹೇಳಲೇಬೇಕೆಂದಿಲ್ಲ, ಮಗೂ.”

ಆ ಧ್ವನಿಯಲ್ಲಿ ಪ್ರೀತಿಯೇ ಇತ್ತು. ಬಾಗಿಲು ಅಷ್ಟು ಮೃದುವಾಗಿ ಮುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ. ಚಹಾ ಕುಡಿದು ಮೇಲೆ ಹೋದೆ.

ಮೂರನೆಯ ಮಹಡಿ

ಹಣಕಾಸು ಎಂದರೆ ಷೇರು, ಪರದೆಯ ತುಂಬ ಓಡುವ ಅಂಕಿಗಳು ಎಂದು ನಾವು ಧಾರವಾಡದಲ್ಲಿ ಮಾತಾಡಿಕೊಂಡಿದ್ದೆವು. ಅದೇ ಬ್ಯಾಂಕಿಗೆ ನನ್ನ ಜೊತೆ ಸೇರಿದ ಬೇರೆ ಊರಿನ ಹುಡುಗರಿಗೆ ಅದೇ ಸಿಕ್ಕಿತು. ನನ್ನನ್ನು ಹಾಕಿದ್ದು ತೀರಿಕೊಂಡ ಗ್ರಾಹಕರ ಖಾತೆಗಳನ್ನು ಮುಚ್ಚುವ ವಿಭಾಗಕ್ಕೆ. ಬೇಕೆಂದು ಹಾಕಿದ್ದಲ್ಲ. ನನ್ನ ಮನೆಯ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಒಬ್ಬರು ರಜೆಯ ಮೇಲಿದ್ದರು, ಕುರ್ಚಿ ಖಾಲಿ ಇತ್ತು, ಅಷ್ಟೇ.

ಕೆಲಸ ಕಷ್ಟದ್ದಲ್ಲ. ಮರಣ ಪ್ರಮಾಣಪತ್ರ ನೋಡಿ ದಿನಾಂಕ ಟೈಪ್ ಮಾಡಬೇಕು. ಗುಂಡಿ ಒತ್ತಿದರೆ ಆ ದಿನಕ್ಕೆ ಬಡ್ಡಿ ನಿಲ್ಲುತ್ತದೆ, ಕಾರ್ಡು ಸಾಯುತ್ತದೆ, ತಿಂಗಳಿಗೊಮ್ಮೆ ತಾನಾಗಿ ಹೋಗುತ್ತಿದ್ದ ಹಣ ನಿಲ್ಲುತ್ತದೆ. ಹೆಸರಿನ ಬಣ್ಣ ಬೂದಿಯಾಗುತ್ತದೆ. ಹೆಸರು ಮಾತ್ರ ಅಳಿಸುವುದಿಲ್ಲ. ನಮ್ಮ ಮೇಲಧಿಕಾರಿ ಫಿಯೋನಾ. ಎತ್ತರದ ಹೆಂಗಸು, ಸೈಕಲ್ ಮೇಲೆ ಬರುತ್ತಿದ್ದಳು, ನನ್ನ ಹೆಸರನ್ನು ಸರಿಯಾಗಿ ಅನ್ನಲು ಮೂರು ದಿನ ಅಭ್ಯಾಸ ಮಾಡಿದಳು.

ಸವಣೂರಿನ ಖಾರವನ್ನು ಅವರಿಗೆಲ್ಲ ಹಂಚಿದ್ದೆ. ಒಬ್ಬ ಯುವಕ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತ “ಬಹಳ ಚೆನ್ನಾಗಿದೆ” ಎಂದ. ಇನ್ನಷ್ಟು ಕೊಡಲೇ ಎಂದದ್ದಕ್ಕೆ ಕಿಟಕಿಯ ಹತ್ತಿರ ಓಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪೊಟ್ಟಣದ ತಳದಲ್ಲಿ ಪುಡಿ ಉಳಿಯಿತು. ಅದನ್ನು ಎತ್ತಿಟ್ಟೆ. ಇನ್ನು ತರುವವರಿಲ್ಲ ಎಂಬುದು ಅದನ್ನು ಮಡಚುವಾಗ ಹೊಳೆಯಿತು.

ಎರಡನೆಯ ವಾರ ಫೋನಿಗೆ ಕೂರಿಸಿದರು. ಏನು ಹೇಳಬೇಕೆಂದು ಬರೆದ ಕಾಗದ ಎದುರಿಗಿರುತ್ತದೆ. ಮೊದಲು “ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ.” ಆಮೇಲೆ ತೀರಿದವರ ಹೆಸರು, ದಿನಾಂಕ, ಖಾತೆ. ಫಿಯೋನಾ ಕಲಿಸುವಾಗ ಹೇಳಿದ್ದಳು: “ಯಾವಾಗ ಎಂದು ಕೇಳಬೇಕು. ಅದರಾಚೆ ಹೋಗಬಾರದು.” ನಾನು ತಲೆಯಾಡಿಸಿದ್ದೆ. ಅದರಾಚೆ ಎಂದರೆ ಯಾವುದು ಎಂದು ನನಗೆ ತಿಳಿದಿರಲಿಲ್ಲ.

ಪರ್ತ್ ಕಡೆಯ ಕರೆ

ಸ್ಕಾಟ್ಲೆಂಡಿನದೇ ಪರ್ತ್ ಎಂಬ ಊರಿನ ಕಡೆಯ ಹಳ್ಳಿಯಿಂದ ಒಬ್ಬ ಮುದುಕ ಫೋನು ಮಾಡಿದ. ಹೆಂಡತಿ ತೀರಿಕೊಂಡಿದ್ದಳು, ಇಬ್ಬರ ಹೆಸರಲ್ಲಿ ಖಾತೆ ಇತ್ತು. ಕಾಗದದಲ್ಲಿದ್ದ ಮೊದಲ ಸಾಲು ಓದಿದೆ. ಹೆಸರು ಹೇಳಿದ. ದಿನಾಂಕ ಹೇಳಿದ. ಆಮೇಲೆ ಅವನ ಉಸಿರು ಮಾತ್ರ ಕೇಳುತ್ತಿತ್ತು. ಹಿಂದೆ ಎಲ್ಲೋ ಕುರಿ ಕೂಗಿತು. ನಮ್ಮ ಪಡಸಾಲಿಯಲ್ಲಿ ಕಂಬಕ್ಕೆ ಒರಗಿ ಕೂತವರ ಉಸಿರೂ ಹಾಗೇ ಇರುತ್ತದೆ.

“ಹೇಗಾಯಿತು?” ಎಂದೆ.

ಇದು ನನ್ನ ಬಾಯಿಂದ ತಾನಾಗಿ ಬಂತು. ಕೇಳದೆ ಇರುವುದೇ ಅವಮಾನ ಎಂದು ಬೆಳೆದವಳು ನಾನು.

ಅವನು, “ಬೆಳಿಗ್ಗೆ ಅವಳು ಚಹಾ ಆರಿದೆ ಎಂದು ನನ್ನನ್ನು ಬೈದಳು,” ಎಂದು ಶುರು ಮಾಡಿದ.

ಬೆಳಗಿನಿಂದಲೇ ಶುರು ಮಾಡಿದ. ಯಾರೂ ಅವನಿಗೆ ಕಲಿಸಿರಲಿಲ್ಲ. ಗಾಳಿ ಚೆನ್ನಾಗಿದೆಯೆಂದು ಅವಳು ಬಟ್ಟೆ ಒಗೆದದ್ದು, ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದದ್ದು, ಅವನು ಕಿಟಕಿಯಿಂದ ನೋಡಿದಾಗ ಹಗ್ಗದ ಮೇಲೆ ಅರ್ಧ ಬಟ್ಟೆ ಇದ್ದದ್ದು, ಇನ್ನೊಮ್ಮೆ ನೋಡಿದಾಗಲೂ ಅರ್ಧವೇ ಇದ್ದದ್ದು. ಬಟ್ಟೆ ಹಿಡಿಯುವ ಚಿಮಟಿಗೆಗಳನ್ನು ಹಗ್ಗದಿಂದ ಇನ್ನೂ ತೆಗೆದಿಲ್ಲ ಎಂದ. ಮಳೆಯಲ್ಲಿ ನೆನೆಯುತ್ತಿವೆ ಎಂದ. ನಡುನಡುವೆ ನಾನು “ಹೂಂ” ಅನ್ನುತ್ತಿದ್ದೆ. ನಮ್ಮ ಭಾಷೆಯ ಹೂಂ. ಅವನಿಗೆ ಅರ್ಥವಾಗುತ್ತಿತ್ತು.

ಕೊನೆಗೆ ಅವನು, “ನಿನಗೂ ಯಾರಾದರೂ...?” ಎಂದು ಅರ್ಧಕ್ಕೆ ನಿಲ್ಲಿಸಿದ.

“ಅಣ್ಣ,” ಎಂದೆ.

“ಓಹ್,” ಎಂದ. “ಕ್ಷಮಿಸು, ನಾನು ಕೇಳಬಾರದಿತ್ತು.”

ಕೇಳಿ, ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಅವನು ವಂದನೆ ಹೇಳಿ ಫೋನು ಇಟ್ಟಿದ್ದ.

ಸೇತುವೆಯ ಮೇಲೆ

ಇನ್ವರ್ಕೀದಿಂಗ್‌ಗೆ ಮರಳುವಾಗ ರೈಲು ಕಡಲಿನ ತೋಳಿನ ಮೇಲಿನ ಕೆಂಪು ಕಬ್ಬಿಣದ ಸೇತುವೆ ದಾಟುತ್ತದೆ. ಪ್ರವಾಸಿಗಳು ಎದ್ದು ನಿಂತು ಫೋಟೋ ತೆಗೆಯುತ್ತಾರೆ. ಆ ಸಂಜೆ ನನ್ನ ಎದುರಿನ ಸೀಟು ಖಾಲಿ ಇತ್ತು. ಅದಕ್ಕೆ ಹೇಳಿಕೊಂಡೆ, ಮನಸ್ಸಿನಲ್ಲೇ. ಇಲ್ಲಿ ನಿಮಗೂ ಹೇಳುತ್ತೇನೆ.

ಬೆಳಿಗ್ಗೆ ಅಣ್ಣ ಎದೆಯುರಿ ಎಂದ. ಹಿಂದಿನ ಸಂಜೆ ಮಿರ್ಚಿ ಭಜಿ ತಿಂದಿದ್ದ. ವೈನಿ ಸೋಡಾ ತರಿಸಿಕೊಟ್ಟಳು. ಕುಡಿದು ತೇಗಿ, “ಪಿತ್ತ ಹೋತು ನೋಡು,” ಎಂದು ನಕ್ಕ. ಆಮೇಲೆ ಕಟ್ಟೆಯ ಮೇಲೆ ಕೂತವನು ಬೆವರತೊಡಗಿದ. ಹಾನಗಲ್ಲಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬರೋಣವೆಂದು ಓಣಿಯ ಇಮಾಮ್ ಕಾಕಾನ ವ್ಯಾನು ಕರೆದೆವು. ಯಾರೂ ಗಾಬರಿಯಾಗಿರಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು, ವೈನಿ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಳು. ನಾನೇ ಜೊತೆಗೆ ಹತ್ತಿದೆ.

ಊರು ದಾಟಿದ ಮೇಲೆ ಅವನು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಕಣ್ಣು ಮುಚ್ಚಿದ್ದ. ಕಾಕಾ ಹಾರ್ನು ಒತ್ತುತ್ತಲೇ ಇದ್ದ. ಸ್ವಲ್ಪ ದೂರ ಹೋದ ಮೇಲೆ ಅಣ್ಣ ಕೇಳಿದ:

“ಗಿರಿಜಾ, ಯಾವೂರು ಬಂತು?”

ಹೊರಗೆ ನೋಡಿದೆ. ಕೊಯ್ದ ಗದ್ದೆ, ಒಂದು ಬಣವೆ, ಸಣ್ಣ ಕಲ್ಲಿನ ಮೋರಿ. ಊರೂ ಇಲ್ಲ, ಬೋರ್ಡೂ ಇಲ್ಲ.

“ಗೊತ್ತಾಗವಲ್ದು ಅಣ್ಣಾ,” ಎಂದೆ.

ಅವನು ಮತ್ತೆ ಮಾತಾಡಲಿಲ್ಲ. ಹಾನಗಲ್ಲಿನ ಆಸ್ಪತ್ರೆ ಮುಟ್ಟಿದಾಗ ಡಾಕ್ಟರು ವ್ಯಾನಿನಲ್ಲೇ ನೋಡಿ ಹಿಂದೆ ಸರಿದರು.

ಇಷ್ಟೇ. ಇದರಲ್ಲಿ ದೊಡ್ಡ ಮಾತೇನೂ ಇಲ್ಲ. ಕಣ್ಣು ಮುಚ್ಚಿ ಊರು ಹೇಳುತ್ತಿದ್ದವನು ಊರು ಯಾವುದೆಂದು ನನ್ನನ್ನು ಕೇಳಿದ. ಅವನು ಬಿಟ್ಟುಹೋದದ್ದರಲ್ಲಿ ನನ್ನ ಪಾಲಿಗೆ ಬಂದದ್ದು ಆ ಪ್ರಶ್ನೆ ಮಾತ್ರ. ಅದನ್ನು ಹೇಳುತ್ತಿರದಿದ್ದರೆ ಅದು ನನ್ನ ಕೈಯಿಂದ ಜಾರಿಹೋಗುತ್ತದೆ ಎಂಬ ಭಯ ಆ ದೇಶದಲ್ಲಿ ನನ್ನನ್ನು ಹಿಡಿದುಕೊಂಡಿತು. ಸೇತುವೆ ದಾಟಿತು. ಯಂತ್ರದ ಹೆಂಗಸು ಮುಂದಿನ ಊರಿನ ಹೆಸರು ಹೇಳಿದಳು. ಅವಳಿಗೆ ಯಾವಾಗಲೂ ಗೊತ್ತಿರುತ್ತದೆ.

ಗಾಜಿನ ಕೋಣೆ

ಮುದುಕನ ಮಗಳು ದೂರು ಕೊಟ್ಟಿದ್ದಳು. ಅಪ್ಪ ಆ ದಿನವೆಲ್ಲ ಅತ್ತನಂತೆ, ಹಿತ್ತಲಿಗೆ ಹೋಗಿ ಹಗ್ಗದ ಕೆಳಗೆ ನಿಂತುಬಿಟ್ಟನಂತೆ. ಬ್ಯಾಂಕಿನವರು ಅದನ್ನೆಲ್ಲ ಯಾಕೆ ಕೇಳಬೇಕು ಎಂದಿದ್ದಳು. ಫಿಯೋನಾ ನನ್ನನ್ನು ಗಾಜಿನ ಕೋಣೆಗೆ ಕರೆದು ಆ ಕರೆಯನ್ನು ಮತ್ತೆ ಕೇಳಿಸಿದಳು. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿತು. ನನ್ನ ಹೂಂಗಳು ಬಂದಾಗ ಅವಳು ಹುಬ್ಬು ಗಂಟಿಕ್ಕಿ, “ಇದೇನು ಸದ್ದು?” ಎಂದಳು.

“ಕೇಳುತ್ತಿದ್ದೇನೆ ಎಂದು ಅರ್ಥ.”

ಅವಳು ಬೈಯಲಿಲ್ಲ. ಅಲ್ಲಿ ಯಾರೂ ಬೈಯುವುದಿಲ್ಲ. “ಅವರ ದುಃಖ ಅವರ ಸ್ವಂತದ್ದು, ಗಿರಿಜಾ. ನಾವು ಅದರೊಳಗೆ ಕಾಲಿಡಬಾರದು,” ಎಂದಳು.

“ನಮ್ಮಲ್ಲಿ ಕೇಳುತ್ತಾರೆ,” ಎಂದೆ. “ಕೇಳದಿದ್ದರೆ ಸತ್ತವರಿಗೆ ಬೆಲೆ ಕೊಡಲಿಲ್ಲ ಎಂದುಕೊಳ್ಳುತ್ತಾರೆ. ನನ್ನ ಅಣ್ಣ ಹೋಗಿ...”

ಅವಳ ಮುಖ ಬದಲಾಯಿತು. ಎದ್ದು ಬಂದು ಪಕ್ಕದಲ್ಲಿ ಕೂತಳು. ತುಂಬ ವಿಷಾದವಾಯಿತು ಎಂದಳು. ರಜೆ ಬೇಕೇ ಎಂದಳು. ಇಂಥದ್ದಕ್ಕೆಂದೇ ಸಂಸ್ಥೆಯ ಒಂದು ಸಹಾಯವಾಣಿ ಇದೆ ಎಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟಳು. ಒಂದು ಪ್ರಶ್ನೆ ಬಿಟ್ಟು ಉಳಿದ ಎಲ್ಲವನ್ನೂ ಕೊಟ್ಟಳು.

ಸಹಾಯವಾಣಿಗೆ ಒಮ್ಮೆ ಕರೆ ಮಾಡಿದೆ. ಆ ಕಡೆಯ ಹುಡುಗ ನನಗೆ ಈಗ ಹೇಗನಿಸುತ್ತಿದೆ ಎಂದು ಕೇಳಿದ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ. ಅವನ ಪ್ರಶ್ನೆಗಳೆಲ್ಲ ನನ್ನ ಬಗ್ಗೆಯೇ ಇದ್ದವು. ಅಣ್ಣ ಎಲ್ಲೂ ಬರಲಿಲ್ಲ. ನಿದ್ದೆ ಬರುತ್ತಿದೆ ಎಂದು ಸುಳ್ಳು ಹೇಳಿ ಇಟ್ಟೆ.

ಮತ್ತೆ ನನ್ನನ್ನು ಫೋನಿಗೆ ಕೂರಿಸಲಿಲ್ಲ. ಉಳಿದ ವಾರಗಳೆಲ್ಲ ದಿನಾಂಕ ಟೈಪ್ ಮಾಡಿದೆ. ಕೆಲವು ಪ್ರಮಾಣಪತ್ರಗಳಲ್ಲಿ ಸಾವಿನ ಕಾರಣ ಒಂದು ಸಾಲಿನಲ್ಲಿ ಇರುತ್ತಿತ್ತು. ಆ ಸಾಲಿನಲ್ಲಿ ಆರಿದ ಚಹಾ ಇರುವುದಿಲ್ಲ, ಹಗ್ಗ ಇರುವುದಿಲ್ಲ. ಕೊನೆಯ ದಿನ ಎಲ್ಲರೂ ಸಹಿ ಮಾಡಿದ ಕಾರ್ಡು ಕೊಟ್ಟರು. ಮೊಯ್ರಾ ನಿಲ್ದಾಣದ ತನಕ ಬಂದು, ರೈಲು ಹೊರಡುವ ತನಕ ಮೋಡದ ಬಗ್ಗೆ ಮಾತಾಡಿದಳು. ಅವಳ ಕಣ್ಣು ಕೆಂಪಾಗಿತ್ತು. ಯಾಕೆಂದು ನಾನೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಕಲಿತಿದ್ದೆ. ಅವಳ ಗಂಡ ಹೇಗೆ ತೀರಿದನೆಂದು ಆ ಮನೆಯಲ್ಲಿದ್ದಷ್ಟು ದಿನವೂ ನನಗೆ ತಿಳಿಯಲಿಲ್ಲ.

ತಿಳವಳ್ಳಿ ರಸ್ತೆ

ಶಿಗ್ಗಾಂವಿಗೆ ಇಮಾಮ್ ಕಾಕಾ ಬಂದಿದ್ದ. ಅದೇ ವ್ಯಾನು. ಮುಂದೆ ಕೂರು ಎಂದ. ನಾನು ಹಿಂದೆಯೇ ಕೂತೆ.

“ಪರದೇಶ ಹೆಂಗನಿಸ್ತವಾ? ಅಲ್ಲಿ ಮಂದಿ ಬರೇ ಬ್ರೆಡ್ ತಿಂತಾರಂತ?”

“ಹೂಂ ಕಾಕಾ.”

“ಅದಕ್ಕ ಸೊರಗಿ ನೀನು. ನಿಮ್ಮವ್ವ ನೋಡಿದ್ರ ನನಗ ಬೈತಾಳ, ದಾರ್ಯಾಗ ಏನಾರ ತಿನ್ನಸಬೇಕಿಲ್ಲೇನು ಅಂತ.”

ಹಾನಗಲ್ ದಾಟಿದೆವು. ಆ ದಿನದ ದಾರಿ ಈಗ ಎದುರಿನಿಂದ ಬರುತ್ತಿತ್ತು. ಕಿಟಕಿಗೆ ಮುಖವಿಟ್ಟು ಮೋರಿ ಹುಡುಕಿದೆ. ಮಳೆ ಬಿದ್ದು ಎಲ್ಲ ಹಸಿರಾಗಿತ್ತು, ಗೋವಿನಜೋಳ ಎದೆಯೆತ್ತರ ನಿಂತಿತ್ತು. ಕೊಯ್ದ ಗದ್ದೆ ಇರಲಿಲ್ಲ, ಬಣವೆ ಇರಲಿಲ್ಲ. ಮೋರಿಗಳು ಒಂದಾದ ಮೇಲೊಂದು ಬಂದವು, ಎಲ್ಲ ಒಂದೇ ಥರ.

“ಕಾಕಾ, ಅವತ್ತು ಅಣ್ಣ ಮಾತಾಡಿದ್ದು ಎಲ್ಲಿ, ನೆನಪೈತೇನು?”

ಕಾಕಾ ಗಾಡಿ ನಿಧಾನ ಮಾಡಿದ. “ಇಲ್ಲೇ ಎಲ್ಲೋ ಇರಬೇಕವಾ. ಮರೀತೇನೇನು? ತಂಗೀನ ಕಳಸ್ರಿ, ಆಕೀ ಓದು ನಿಲ್ಲಸಬ್ಯಾಡ್ರಿ ಅಂದ. ಈ ಕಿವೀಲೆ ಕೇಳೇನಿ.”

ಅವತ್ತು ದಾರಿಯುದ್ದಕ್ಕೂ ಅವನು ಹಾರ್ನು ಒತ್ತುತ್ತಿದ್ದ. ಹಿಂದೆ ಏನು ಮಾತಾಯಿತೆಂದು ಕೇಳಿಸಿಯೇ ಇರಲಿಕ್ಕಿಲ್ಲ.

“ಹಂಗಂದನಾ ಕಾಕಾ?”

“ಮತ್ತ! ನೀನ ಮಗ್ಗಲಕ ಇದ್ದೆಲ್ಲ. ಅವನ ಮಾತು ನಡಸಾಕ ನೀ ಹೋದಿ. ಇಲ್ಲಂದ್ರ ಅಣ್ಣ ಸತ್ತ ತಿಂಗಳಕ್ಕ ಯಾವ ಹುಡಿಗಿ ಹೊಂಡ್ತಾಳ? ಓಣ್ಯಾಗ ಮೊದಲ ಏನೇನೋ ಅಂದ್ರು ಬಿಡು. ನಿಮ್ಮವ್ವ ಹೇಳಿದ ಮ್ಯಾಲ ಎಲ್ಲಾರ ಬಾಯಿ ಮುಚ್ಚಿತು.”

ನಾನು ಸೀಟಿಗೆ ಒರಗಿದೆ. ನನ್ನ ತೊಡೆಯ ಮೇಲೆ ಅಣ್ಣನ ಖಾರದ ಪೊಟ್ಟಣವಿದ್ದ ಚೀಲ ಇತ್ತು.

ಪಡಸಾಲಿ

ಮನೆಗೆ ಬಂದವರೆಲ್ಲ ಪರದೇಶದ ಬಗ್ಗೆ ಕೇಳಿದರು. ಹಿಮ ಇತ್ತೇ, ಬಿಳಿಯರು ಹೇಗೆ ಮಾತಾಡುತ್ತಾರೆ, ಸಂಬಳ ಕೊಟ್ಟರೇ. ರೊಟ್ಟಿಯನ್ನು ತಟ್ಟೆ ಎಂದುಕೊಂಡ ಅಧಿಕಾರಿಯ ಕತೆ ಹೇಳಿದೆ. ಎಲ್ಲರೂ ನಕ್ಕರು. ಅಣ್ಣ ನಗಬೇಕಾಗಿದ್ದ ಜಾಗದಲ್ಲೇ ನಕ್ಕರು. ಮಾತಾಡಿಸುವ ದಿನಗಳು ಮುಗಿದಿದ್ದವು. ಅಣ್ಣನ ಬಗ್ಗೆ ಕೇಳುವವರಿರಲಿಲ್ಲ, ಹೇಳುವವರಿದ್ದರು. ಪಾರಕ್ಕನೇ ನನ್ನ ತಲೆ ಸವರಿ, “ಅಣ್ಣನ ಮಾತು ಉಳಿಸಿದಿ ನೋಡು,” ಎಂದಳು. ಮೊದಲ ವಾರ ನನ್ನ ಬಾಯಿಂದಲೇ ಎಲ್ಲ ಕೇಳಿದವಳು ಅವಳು. ಯಾವೂರು ಬಂತು ಎಂಬಲ್ಲಿಗೆ ಬಂದಾಗ ನನ್ನ ಜೊತೆ 'ಅಯ್ಯೋ' ಎಂದು ಅತ್ತವಳು.

ಅವ್ವನನ್ನು ಏನೂ ಕೇಳಲಿಲ್ಲ. ಕೇಳುವುದೇನಿತ್ತು? ಹೆದ್ದಾರಿ ಬದಿ ಸೆರಗಿನ ಚುಂಗು ಸುತ್ತುತ್ತ ನಿಂತವಳು, ಮಗಳಿಗೆ ಬರುವ ಮಾತುಗಳಿಗೆ ಒಂದು ಅಡ್ಡಗೋಡೆ ಕಟ್ಟಿದ್ದಳು. ಕೈಗೆ ಸಿಕ್ಕ ಕಲ್ಲಿನಿಂದ ಕಟ್ಟಿದ್ದಳು. ಹೇಳಿ ಹೇಳಿ ಅವಳಿಗೂ ಅದು ನಿಜವಾಗಿರಬೇಕು. ಸಾಯುವಾಗ ಮಗ ಮನೆಯವರಿಗಾಗಿ ಒಂದು ಮಾತು ಬಿಟ್ಟುಹೋದ ಎಂಬುದರಲ್ಲಿ ಒಂದಿಷ್ಟು ನೆರಳಿದೆ. ಯಾವೂರು ಬಂತು ಎಂಬುದರಲ್ಲಿ ಏನಿದೆ?

ಒಂದು ಮಧ್ಯಾಹ್ನ ಹಿರೇಕೆರೂರಿನ ದೊಡ್ಡವ್ವ ಬಂದಳು. ಅಣ್ಣ ತೀರಿದಾಗ ಕಾಲು ಮುರಿದುಕೊಂಡು ಮಲಗಿದ್ದಳು. ಈಗ ಕೋಲು ಊರಿಕೊಂಡು ಬಂದು, ಹೊಸ್ತಿಲಲ್ಲೇ ನನ್ನ ಕೊರಳಿಗೆ ಬಿದ್ದು ಅತ್ತಳು. “ಮಹಾರಾಣಿ ಅಂತಿದ್ದನಲ್ಲವಾ, ಇನ್ನ ಯಾರ ಜಾಗಾ ಬಿಡಸ್ತಾರ ನನಗ,” ಎಂದು ಹಾಡಿಕೊಂಡು ಅತ್ತಳು. ಮೂರು ತಿಂಗಳ ನಂತರ ನಾನೂ ಅತ್ತೆ. ವೈನಿ ನೀರು ತಂದುಕೊಟ್ಟಳು. ಒಳಗೆ ಅವ್ವ ಅತ್ತು ಮುಗಿಸಿ, ಅಕ್ಕನಿಗೆ ಬಿಸಿ ರೊಟ್ಟಿ ಆಗಲೆಂದು ಹಿಟ್ಟು ನಾದಿ ಬಡಿಯತೊಡಗಿದ್ದಳು.

ದೊಡ್ಡವ್ವ ಕಂಬಕ್ಕೆ ಒರಗಿ ಕೂತು, ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

“ನೀ ಇದ್ದೆಲ್ಲವಾ ಜೊತಿಗೆ. ಹೆಂಗಾತು? ಹೇಳವಾ, ಮೊದಲಿಂದ ಹೇಳು.”

ಎಷ್ಟು ದಿನಗಳಿಂದ ಈ ಮಾತಿಗೆ ಕಾದಿದ್ದೆ. ಬೆಳಗಿನಿಂದ ಶುರು ಮಾಡಿದೆ. ಮಿರ್ಚಿ ಹೇಳಿದೆ. ಸೋಡಾ ಹೇಳಿದೆ, ತೇಗಿ ನಕ್ಕದ್ದು ಹೇಳಿದೆ. ಕಟ್ಟೆಯ ಮೇಲೆ ಬೆವರಿದ್ದು. ಇಮಾಮ್ ಕಾಕಾನ ವ್ಯಾನು. ದೊಡ್ಡವ್ವ ನನ್ನ ಬಾಯಿಯನ್ನೇ ನೋಡುತ್ತ ಹೂಂ, ಹೂಂ ಎನ್ನುತ್ತಿದ್ದಳು. ತೊಡೆಯ ಮೇಲೆ ತಲೆಯಿಟ್ಟದ್ದು ಹೇಳಿದೆ. ಕಣ್ಣು ಮುಚ್ಚಿದ್ದ ಎಂದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಮುಂದ?” ಎಂದಳು ದೊಡ್ಡವ್ವ. “ಮಾತಾಡಿದನೇನವಾ?”

ಅಡುಗೆಮನೆಯ ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಒಲೆಯ ಮೇಲಿನ ಹಂಚಿನಲ್ಲಿ ರೊಟ್ಟಿ ಸೀಯುತ್ತಿರುವ ವಾಸನೆ ಬಂತು. ಅವ್ವ ಅದನ್ನು ತಿರುವಿ ಹಾಕುತ್ತಿರಲಿಲ್ಲ.

“ಮಾತಾಡಿದ,” ಎಂದೆ. “ತಂಗೀನ ಕಳಸ್ರಿ ಅಂದ. ಆಕೀ ಓದು ನಿಲ್ಲಸಬ್ಯಾಡ್ರಿ ಅಂದ.”

“ಅಯ್ಯ ನನ ಕಂದಾ,” ಎಂದು ದೊಡ್ಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.